ಸಮುದ್ರದ ತಳದ ಕೆಮ್ಮಣ್ಣುಗುಂಡಿ



ನಾನು ಪಾಠ ಹೇಳುವ ಕಾಲೇಜಿನ ಭೂಗರ್ಭಶಾಸ್ತ್ರದ ಕೊಠಡಿಯಲ್ಲಿ, ಮೇಜಿನ ಮೇಲೆ, ಬಹು ಕಾಲದಿಂದ ಒಂದು ಕಲ್ಲು ಇದೆ. ಬಾಬಾಬುಡನ್ ಬೆಟ್ಟಗಳಿಂದ ತಂದದ್ದು. ಗಾತ್ರದಲ್ಲಿ ಒಂದು ಗೇಣು. ಎತ್ತಿ ನೋಡಿದಾಗಲೇ ಅದರ ಭಾರ ಕೈಗೆ ತಿಳಿಯುವುದು. ಅದರ ಮೈತುಂಬ ಕಪ್ಪು, ಕೆಂಪು, ಬೂದುಬಣ್ಣದ ಪಟ್ಟೆಗಳು ಒಂದರ ಮೇಲೊಂದು ಓಡಿವೆ. ಕಪ್ಪು ಪಟ್ಟೆಗಳಲ್ಲಿರುವುದು ಕಬ್ಬಿಣದ ಅದಿರು. ಉಳಿದವುಗಳಲ್ಲಿ ಹೆಚ್ಚಾಗಿರುವುದು ಬೆಣಚುಕಲ್ಲಿನ ಜಾತಿಯ ವಸ್ತು. ಒಂದು ದಿನ ತರಗತಿಯಲ್ಲಿ ಈ ಕಲ್ಲನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದಾಗ, ಹಿಂದಿನ ಬೆಂಚಿನ ವಿದ್ಯಾರ್ಥಿಯೊಬ್ಬನು ಎದ್ದು ನಿಂತು, “ಈ ಗೆರೆಗಳನ್ನು ಎಳೆದವರು ಯಾರು?” ಎಂದು ಕೇಳಿದನು. ತರಗತಿ ನಕ್ಕಿತು. ನಾನು ಪುಸ್ತಕದಲ್ಲಿರುವ ಉತ್ತರವನ್ನೇ ಕೊಟ್ಟೆನು: ೨೫೦ ಕೋಟಿ ವರ್ಷಗಳಿಗೂ ಹಿಂದೆ ಈ ಕಲ್ಲು ಸಮುದ್ರದ ತಳದಲ್ಲಿ ಗಸಿಯಾಗಿ ಕೂತದ್ದು, ಪದರದ ಮೇಲೆ ಪದರವಾಗಿ ಬೆಳೆದದ್ದು, ಎಂದು. ಅವನು ಕುಳಿತುಕೊಳ್ಳಲಿಲ್ಲ. “ಸಮುದ್ರಕ್ಕೆ ಅಷ್ಟು ಕಬ್ಬಿಣ ಎಲ್ಲಿಂದ ಬಂತು? ಅದಿರು ಹಾಗೆ ಗಸಿಯಾಗಿ ಕೂಡುವುದನ್ನು ಯಾರಾದರೂ ಕಂಡಿದ್ದಾರೆಯೆ?” ಎಂದನು. ಅಷ್ಟರಲ್ಲಿ ಗಂಟೆ ಹೊಡೆಯಿತು.

ಕಂಡಿದ್ದಾರೆ, ಎಂಬುದೇ ಅವನಿಗೆ ಸಲ್ಲಬೇಕಾದ ಉತ್ತರ. ಯಾರು ಕಂಡರು, ಎಲ್ಲಿ ಕಂಡರು, ಕಂಡದ್ದರಿಂದ ನಾವು ಕಲಿಯಬೇಕಾದದ್ದೇನು, ಎಂಬುದನ್ನು ಈ ಹೊತ್ತು ತಮ್ಮ ಮುಂದೆ ಹೇಳಬೇಕೆಂದಿರುವೆನು. ಆಳವಾದ ಸಮುದ್ರದ ತಳದಲ್ಲಿರುವ ಲೋಹಭರಿತವಾದ ಕೆಸರು ನನ್ನ ಭಾಷಣದ ವಿಷಯ. ಕೆಸರಿನ ವಿಚಾರವನ್ನು ಕೇಳುವುದರಲ್ಲಿ ಏನು ಸ್ವಾರಸ್ಯವೆಂದು ತಾವು ಅಂದುಕೊಳ್ಳಬಹುದು. ಆದರೆ ನಮ್ಮ ಮನೆಯ ಕಬ್ಬಿಣದ ಕಿಟಕಿ, ತಾಮ್ರದ ಹಂಡೆ, ಸತುವಿನ ತಗಡು, ಇವುಗಳ ವಂಶವೃಕ್ಷವನ್ನು ಹಿಡಿದು ಹಿಂದಕ್ಕೆ ಹೋದರೆ, ಅನೇಕ ವೇಳೆ ನಾವು ತಲಪುವುದು ಇಂಥ ಕೆಸರಿಗೇ.

ಸಮುದ್ರದ ತಳವೆಂದರೆ ನಮ್ಮ ಕಲ್ಪನೆಗೆ ಬರುವುದು ಮುತ್ತು, ಹವಳ, ಮುಳುಗಿದ ಹಡಗುಗಳ ಹೊನ್ನು. ನಿಜವಾದ ತಳ ಇಷ್ಟು ಸೊಗಸಿನದಲ್ಲ. ಇಂಗ್ಲೆಂಡಿನ ‘ಚಾಲೆಂಜರ್’ ಎಂಬ ಹಡಗು ೧೮೭೨ನೆಯ ಇಸವಿಯ ಡಿಸೆಂಬರಿನಲ್ಲಿ ಹೊರಟು, ಮೂರೂವರೆ ವರ್ಷ ಸಾಗರಗಳನ್ನು ಸುತ್ತಿ, ೧೮೭೬ರ ಮೇ ತಿಂಗಳಲ್ಲಿ ಹಿಂತಿರುಗಿತು. ವೈವಿಲ್ ಥಾಮ್ಸನ್ ಎಂಬ ಪಂಡಿತರು ಅದರಲ್ಲಿದ್ದ ವಿಜ್ಞಾನಿಗಳಿಗೆ ನಾಯಕರು. ಅವರು ಮೈಲಿಗಟ್ಟಲೆ ಹಗ್ಗವನ್ನು ಇಳಿಬಿಟ್ಟು ತಳವನ್ನು ಗೋರಿ ನೋಡಿದರು. ಮೇಲಕ್ಕೆ ಬಂದದ್ದು ಬಹುಮಟ್ಟಿಗೆ ಮಣ್ಣು. ಕಂದುಬಣ್ಣದ, ಮೃದುವಾದ, ಬೆರಳಿನ ನಡುವೆ ಬೆಣ್ಣೆಯಂತೆ ಜಾರುವ ಜೇಡಿಮಣ್ಣು. ಗಾಳಿ ಹೊತ್ತು ತಂದ ಧೂಳು, ಜ್ವಾಲಾಮುಖಿಗಳ ಬೂದಿ, ಸತ್ತ ಸೂಕ್ಷ್ಮಜೀವಿಗಳ ಚಿಪ್ಪು, ಇವೆಲ್ಲ ಮೇಲಿನಿಂದ ಸದಾ ಉದುರುತ್ತ ಈ ಹಾಸನ್ನು ಹಾಸಿವೆ. ದಡದಿಂದ ಬಹು ದೂರದ ಆಳಗಳಲ್ಲಿ ಈ ಜೇಡಿ ಬೆಳೆಯುವ ವೇಗ ಸಾವಿರ ವರ್ಷಕ್ಕೆ ಒಂದು ಮಿಲಿಮೀಟರಿನ ಆಸುಪಾಸು. ಕದಂಬರ ಕಾಲದಿಂದ ಇಂದಿನವರೆಗೆ ಅಲ್ಲಿ ಕೂಡಿರುವ ಮಣ್ಣು ಒಂದು ಬೆಳ್ಳಿಯ ರೂಪಾಯಿಯ ದಪ್ಪವೂ ಇರಲಾರದು!

ಆ ಮಣ್ಣಿನೊಡನೆ ಚಾಲೆಂಜರ್ ಹಡಗಿನವರಿಗೆ ಕಪ್ಪು ಉಂಡೆಗಳೂ ದೊರೆತವು. ೧೮೭೩ರ ಫೆಬ್ರವರಿಯಲ್ಲಿ, ಅಟ್ಲಾಂಟಿಕ್ ಸಾಗರದ ಕೆನರಿ ದ್ವೀಪಗಳಿಂದಾಚೆಗೆ ಮೊದಲು ಸಿಕ್ಕಿದ ಈ ಉಂಡೆಗಳು ಕೆಲವು ನೆಲ್ಲಿಕಾಯಿಯಷ್ಟು, ಕೆಲವು ಆಲೂಗೆಡ್ಡೆಯಷ್ಟು ಇದ್ದವು. ಒಡೆದು ನೋಡಿದಾಗ ಈರುಳ್ಳಿಯಂತೆ ಸಿಪ್ಪೆಯ ಮೇಲೆ ಸಿಪ್ಪೆ. ಕೆಲವುಗಳ ನಡುವೆ ಶಾರ್ಕ್ ಮೀನಿನ ಹಲ್ಲು. ಹಲ್ಲನ್ನು ಆಧಾರವಾಗಿ ಹಿಡಿದು ಮ್ಯಾಂಗನೀಸ್ ಮತ್ತು ಕಬ್ಬಿಣ ಸುತ್ತಲೂ ಕವಿದು ಬೆಳೆದಿದ್ದವು. ಜಾನ್ ಮರೆ ಮತ್ತು ರೆನಾರ್ ಎಂಬಿಬ್ಬರು ಈ ಎಲ್ಲ ಮಣ್ಣುಗಳನ್ನೂ ಉಂಡೆಗಳನ್ನೂ ಪರೀಕ್ಷಿಸಿ ೧೮೯೧ರಲ್ಲಿ ಒಂದು ದೊಡ್ಡ ಗ್ರಂಥವನ್ನೇ ಬರೆದರು. ಸಮುದ್ರದ ತಳದಲ್ಲಿ ಲೋಹಗಳು ಕೂಡುತ್ತವೆ ಎಂಬುದು ಅಂದಿನಿಂದ ಎಲ್ಲರಿಗೂ ತಿಳಿದ ಮಾತಾಯಿತು. ಅವು ಬರುವುದು ಎಲ್ಲಿಂದ ಎಂಬುದು ಮಾತ್ರ ಇನ್ನೂ ಮುಕ್ಕಾಲು ಶತಮಾನ ಮುಸುಕಿನಲ್ಲಿಯೇ ಉಳಿಯಿತು.

ಆ ಮುಸುಕು ಸರಿದದ್ದು ಕೆಂಪು ಸಮುದ್ರದಲ್ಲಿ. ಕೆಂಪು ಸಮುದ್ರ ನಮಗೆ ತೀರ ಅಪರಿಚಿತವೇನೂ ಅಲ್ಲ. ಮುಂಬಯಿಯಿಂದ ಜಿದ್ದಾ ಬಂದರಿಗೆ ಯಾತ್ರಿಕರ ಹಡಗುಗಳು ಬಹುಕಾಲ ಅದರ ಮೇಲೆಯೇ ಹೋಗುತ್ತಿದ್ದವು. ಬಾಬಾಬುಡನ್ ಅವರು ಕಾಫಿಯ ಬೀಜವನ್ನು ನಮ್ಮ ನಾಡಿಗೆ ತಂದದ್ದು ಆ ಸಮುದ್ರದ ಅಂಚಿನ ಮೋಖಾ ಪಟ್ಟಣದಿಂದ ಎಂಬ ಐತಿಹ್ಯವನ್ನು ತಾವೆಲ್ಲ ಕೇಳಿಯೇ ಇರುವಿರಿ. ಅರೇಬಿಯಾ ದೇಶವು ಆಫ್ರಿಕಾ ಖಂಡದಿಂದ ವರ್ಷಕ್ಕೆ ಒಂದು ಸೆಂಟಿಮೀಟರಿಗೆ ತುಸು ಹೆಚ್ಚುಕಡಿಮೆಯಾದ ವೇಗದಲ್ಲಿ ದೂರ ಸರಿಯುತ್ತಿದೆ. ಆ ಬಿರುಕಿನಲ್ಲಿ ತುಂಬಿದ ನೀರೇ ಕೆಂಪು ಸಮುದ್ರ. ಅಂದರೆ ಅದು ಸಾಗರಗಳ ಪೈಕಿ ಒಂದು ಕೂಸು; ಇನ್ನೂ ಬೆಳೆಯುತ್ತಿರುವ ಸಾಗರ.

ಸ್ವೀಡನ್ ದೇಶದ ‘ಆಲ್ಬಟ್ರಾಸ್’ ಎಂಬ ಹಡಗು ೧೯೪೮ರಲ್ಲಿ ಆ ದಾರಿಯಾಗಿ ಬರುತ್ತಿದ್ದಾಗ, ತಳದ ನೀರು ಇರಬೇಕಾದದ್ದಕ್ಕಿಂತ ಬೆಚ್ಚಗೂ ಉಪ್ಪಾಗಿಯೂ ಇದ್ದದ್ದು ಅದರ ಅಳತೆಗಳಲ್ಲಿ ಕಂಡುಬಂದಿತು. ಆಗ ಅದರ ಬೆನ್ನು ಹತ್ತಿದವರಿಲ್ಲ. ೧೯೬೪ರಲ್ಲಿ ಇಂಗ್ಲೆಂಡಿನ ‘ಡಿಸ್ಕವರಿ’ ಹಡಗಿನವರು ಎರಡು ಸಾವಿರ ಮೀಟರಿಗೂ ಹೆಚ್ಚಿನ ಆಳಕ್ಕೆ ಉಷ್ಣಮಾಪಕವನ್ನು ಇಳಿಸಿದಾಗ, ಅದು ೪೪ ಡಿಗ್ರಿ ಸೆಂಟಿಗ್ರೇಡ್ ತೋರಿಸಿತು. ಕೆಂಪು ಸಮುದ್ರದ ಆಳದ ನೀರು ಸಾಮಾನ್ಯವಾಗಿ ೨೨ ಡಿಗ್ರಿಯಷ್ಟಿರುವುದು; ಬೇರೆ ಸಾಗರಗಳ ಆಳದಲ್ಲಾದರೋ ಹೆಪ್ಪುಗಟ್ಟುವುದಕ್ಕೆ ಎರಡು ಮೂರು ಡಿಗ್ರಿ ಮಾತ್ರ ಮೇಲೆ. ಮರುವರ್ಷ ಅಮೆರಿಕದ ‘ಅಟ್ಲಾಂಟಿಸ್ ೨’ ಎಂಬ ಹಡಗು ಬಂದು, ನೆರೆಯ ಮತ್ತೊಂದು ಹಳ್ಳದಲ್ಲಿ ೫೬ ಡಿಗ್ರಿಯನ್ನು ಕಂಡಿತು. ನಮ್ಮ ಬಚ್ಚಲ ಮನೆಯಲ್ಲಿ ಅಷ್ಟು ಬಿಸಿಯಾದ ನೀರನ್ನು ಮೈಮೇಲೆ ಸುರಿದುಕೊಂಡರೆ ಚರ್ಮ ಬೇಯುವುದು. ಆ ಹಳ್ಳಕ್ಕೆ ಹಡಗಿನ ಹೆಸರೇ ನಿಂತಿತು.

ಅಟ್ಲಾಂಟಿಸ್ ಹಳ್ಳವು ಜಿದ್ದಾ ನಗರಕ್ಕೆ ಪಶ್ಚಿಮದಲ್ಲಿ, ನೂರಕ್ಕೂ ಹೆಚ್ಚು ಕಿಲೋಮೀಟರು ದೂರದಲ್ಲಿ, ಸಮುದ್ರದ ನಟ್ಟನಡುವೆ ಇದೆ. ಅದರ ವಿಸ್ತಾರ ಸುಮಾರು ೬೦ ಚದರ ಕಿಲೋಮೀಟರು. ಅದರಲ್ಲಿ ತುಂಬಿರುವ ನೀರು ಸಾಮಾನ್ಯ ಸಮುದ್ರದ ನೀರಿಗಿಂತ ಏಳರಷ್ಟು ಉಪ್ಪು. ಅದು ಬಿಸಿಯಾಗಿದ್ದರೂ ಭಾರವಾದದ್ದು; ಆದ್ದರಿಂದ ಮೇಲಕ್ಕೇಳದೆ, ಮೇಲಿನ ನೀರಿನೊಡನೆ ಸುಲಭವಾಗಿ ಬೆರೆಯದೆ, ಬಟ್ಟಲಿನ ತಳದಲ್ಲಿ ನಿಂತ ಜೇನಿನಂತೆ ಹಳ್ಳದಲ್ಲಿ ನಿಂತಿದೆ. ಸಮುದ್ರದೊಳಗೊಂದು ಕೆರೆ! ಆ ಕೆರೆಯ ತಳಕ್ಕೆ ಉದ್ದವಾದ ಕೊಳವೆಗಳನ್ನು ಚುಚ್ಚಿ ಕೆಸರನ್ನು ಮೇಲೆತ್ತಿದಾಗ ಕಂಡ ಬಣ್ಣಗಳು ನೋಡಿದವರನ್ನು ಬೆರಗುಗೊಳಿಸಿದವು. ಕೆಂಪು, ಕಾವಿ, ಹಳದಿ, ಬಿಳಿ, ಹಸಿರು, ಕಾಡಿಗೆಯಂಥ ಕಪ್ಪು. ಒಂದರ ಮೇಲೊಂದು ಪಟ್ಟೆಪಟ್ಟೆಯಾಗಿ, ೧೦ರಿಂದ ೩೦ ಮೀಟರು ದಪ್ಪಕ್ಕೆ ಆ ಕೆಸರು ಕೂಡಿತ್ತು. ಕೆಂಪು, ಹಳದಿಗಳು ಕಬ್ಬಿಣದ ತುಕ್ಕಿನ ಬಣ್ಣಗಳು. ಕಪ್ಪು ಪದರಗಳಲ್ಲಿ ಸತು, ತಾಮ್ರ, ಕಬ್ಬಿಣಗಳು ಗಂಧಕದೊಡನೆ ಕೂಡಿಕೊಂಡಿದ್ದವು; ಅವುಗಳ ಜೊತೆಗೆ ಬೆಳ್ಳಿ, ಒಂದಿಷ್ಟು ಚಿನ್ನ.

ಬಾಬಾಬುಡನ್ ಬೆಟ್ಟಗಳ ಮೇಲಿನ ಕೆಮ್ಮಣ್ಣುಗುಂಡಿಯನ್ನು ಬೇಸಿಗೆಯಲ್ಲಿ ತಾವು ಅನೇಕರು ನೋಡಿರುವಿರಿ. ಕೆಂಪು ಮಣ್ಣಿನ ಗುಂಡಿ ಎಂಬುದೇ ಆ ಹೆಸರಿನ ಅರ್ಥ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕುಲುಮೆ ೧೯೨೩ರಲ್ಲಿ ಉರಿಯತೊಡಗಿದ ಮೇಲೆ, ಅದಕ್ಕೆ ಬೇಕಾದ ಅದಿರು ಬಂದದ್ದು ಅಲ್ಲಿಂದ. ಕೆಂಪು ಸಮುದ್ರದ ಹಳ್ಳವನ್ನು ಸಮುದ್ರದ ತಳದ ಕೆಮ್ಮಣ್ಣುಗುಂಡಿ ಎಂದು ಕರೆದರೆ ತಪ್ಪಾಗಲಾರದೆಂದು ನನ್ನ ಭಾವನೆ. ವ್ಯತ್ಯಾಸವೇನೆಂದರೆ, ನಮ್ಮ ಬೆಟ್ಟದ ಅದಿರಿನ ಅಡಿಗೆ ಮುಗಿದು ಯುಗಗಳೇ ಕಳೆದಿವೆ. ಅಲ್ಲಿ ಒಲೆ ಇನ್ನೂ ಉರಿಯುತ್ತಿದೆ.

ಆ ಅಡಿಗೆ ನಡೆಯುವ ರೀತಿಯನ್ನು ನಮ್ಮ ಮನೆಗಳ ಕಾಫಿಯ ಫಿಲ್ಟರಿನಿಂದಲೇ ವಿವರಿಸಬಹುದು. ಫಿಲ್ಟರಿನ ಮೇಲಿನ ಭಾಗದಲ್ಲಿ ಪುಡಿಯನ್ನು ಹಾಕಿ ಕುದಿಯುವ ನೀರನ್ನು ಸುರಿಯುತ್ತೇವೆ. ನೀರು ಪುಡಿಯ ಸಂದುಗಳಲ್ಲಿ ಇಳಿಯುತ್ತ ಅದರ ಸಾರವನ್ನು ಹೀರಿಕೊಂಡು ಕೆಳಗೆ ಕಪ್ಪು ಕಷಾಯವಾಗಿ ಬೀಳುವುದು. ತಣ್ಣೀರಿಗೆ ಈ ಶಕ್ತಿಯಿಲ್ಲ, ಬಿಸಿನೀರಿಗೆ ಉಂಟು. ಕೆಂಪು ಸಮುದ್ರದ ತಳವೂ ಬಿರುಕು ಬಿಟ್ಟ ಬಂಡೆಯೇ. ಸಮುದ್ರದ ನೀರು ಆ ಬಿರುಕುಗಳಲ್ಲಿ ಇಳಿಯುವುದು. ಅದರ ಪಕ್ಕದಲ್ಲಿ, ಹಿಂದೊಂದು ಕಾಲದಲ್ಲಿ ಆ ಸಮುದ್ರ ಬತ್ತಿ ಇಂಗಿದಾಗ ಉಳಿದ ಉಪ್ಪಿನ ಹಾಸುಗಳಿವೆ. ಅವುಗಳ ವಯಸ್ಸು ಐವತ್ತು ಲಕ್ಷ ವರ್ಷಗಳಿಗೆ ಮೇಲ್ಪಟ್ಟದ್ದು. ಇಳಿಯುವ ನೀರು ಆ ಉಪ್ಪನ್ನು ಕರಗಿಸಿಕೊಂಡು, ಕೆಳಗಿನ ಕಾದ ಬಂಡೆಯ ಶಾಖದಿಂದ ಸುಡುನೀರಾಗಿ, ಬಂಡೆಯಲ್ಲಿ ಕಣಕಣವಾಗಿ ಚದರಿಹೋಗಿರುವ ಕಬ್ಬಿಣ, ಮ್ಯಾಂಗನೀಸ್, ಸತು, ತಾಮ್ರಗಳನ್ನು ಹೀರಿಕೊಳ್ಳುವುದು. ಉಪ್ಪುನೀರು ಲೋಹಗಳನ್ನು ಸಿಹಿನೀರಿಗಿಂತ ಎಷ್ಟೋ ಹೆಚ್ಚಾಗಿ ಹೊರಬಲ್ಲದು. ಹೀಗೆ ಸಾರವೇರಿದ ನೀರು ಬಿರುಕುಗಳ ಮೂಲಕ ಮತ್ತೆ ಮೇಲಕ್ಕೆ ಬಂದು ಹಳ್ಳದಲ್ಲಿ ನಿಲ್ಲುವುದು.

ನಿಂತ ಮೇಲೆ ಅದು ಆರತೊಡಗುವುದು. ಆರಿದ ನೀರಿಗೆ ಮೊದಲಿನಷ್ಟು ಹೊರುವ ಶಕ್ತಿ ಇರುವುದಿಲ್ಲ. ಸತು, ತಾಮ್ರಗಳು ಗಂಧಕದೊಡನೆ ಸೇರಿ ಕಪ್ಪು ಗಸಿಯಾಗಿ ಕೆಳಗೆ ಕೂಡುವುವು. ಕಬ್ಬಿಣದ ಬಹುಭಾಗವೂ ಮ್ಯಾಂಗನೀಸೂ ಇನ್ನೂ ಸ್ವಲ್ಪ ಕಾಲ ನೀರಿನಲ್ಲಿಯೇ ಉಳಿದು, ಉಪ್ಪುಗೆರೆಯ ಮೇಲ್ಮೈಗೆ ತಲಪಿ, ಅಲ್ಲಿ ಮೇಲಿನ ಸಮುದ್ರದ ಆಮ್ಲಜನಕದ ಸಂಪರ್ಕವಾದೊಡನೆ ತುಕ್ಕಾಗಿ, ಕೆಂಪು ಹಳದಿಯ ಮಂಜಿನಂತೆ ಉದುರುವುವು. ಒಂದು ಕಾಲಕ್ಕೆ ಬುಗ್ಗೆಗಳು ಬಲವಾಗಿ ಹರಿಯುವುವು, ಒಂದು ಕಾಲಕ್ಕೆ ಮಂದವಾಗುವುವು. ಅದಕ್ಕೆ ತಕ್ಕಂತೆ ಪಟ್ಟೆಯ ಬಣ್ಣವೂ ಬದಲಾಗುವುದು. ಗೆರೆಗಳನ್ನು ಎಳೆದವರು ಯಾರೆಂದು ಕೇಳಿದ ನನ್ನ ವಿದ್ಯಾರ್ಥಿಗೆ, ಬಿಸಿಯೂ ತಂಪೂ, ಉಪ್ಪೂ ಆಮ್ಲಜನಕವೂ ಸರದಿಯಂತೆ ಎಳೆದವೆಂದು ಈಗ ಹೇಳಬಹುದು.

ಇದು ಕೆಂಪು ಸಮುದ್ರವೊಂದರ ಕೌತುಕವೇನೂ ಅಲ್ಲ. ಪೂರ್ವ ಪೆಸಿಫಿಕ್ ಸಾಗರದ ತಳದಲ್ಲಿ ಬೆನ್ನೆಲುಬಿನಂತೆ ಹಬ್ಬಿರುವ ಏರಿನ ಮೇಲಿನ ಮಣ್ಣಿನಲ್ಲಿ ಕಬ್ಬಿಣ ಮತ್ತು ಮ್ಯಾಂಗನೀಸ್ ಅಸಾಧಾರಣವಾಗಿ ಹೆಚ್ಚಿರುವುದನ್ನು ಬೋಸ್ಟ್ರಾಂ ಮತ್ತು ಪೀಟರ್ಸನ್ ಎಂಬವರು ೧೯೬೬ರಲ್ಲಿ ಪ್ರಕಟಪಡಿಸಿ, ಅದಕ್ಕೆ ಭೂಮಿಯ ಒಳಗಿನಿಂದ ಬರುವ ಬಿಸಿನೀರೇ ಕಾರಣವಿರಬೇಕೆಂದು ಊಹಿಸಿದರು. ೧೯೭೭ರಲ್ಲಿ ‘ಆಲ್ವಿನ್’ ಎಂಬ ಪುಟ್ಟ ಮುಳುಗುದೋಣಿಯಲ್ಲಿ ಗಲಾಪಗೋಸ್ ದ್ವೀಪಗಳ ಬಳಿ ಇಳಿದವರು ಸಮುದ್ರತಳದ ಬೆಚ್ಚನೆಯ ಬುಗ್ಗೆಗಳನ್ನು ಕಣ್ಣಾರೆ ಕಂಡರು. ಅವುಗಳ ಸುತ್ತ, ಸೂರ್ಯನ ಬೆಳಕನ್ನೇ ಕಾಣದೆ ಬಾಳುವ ಹುಳುಗಳನ್ನೂ ಚಿಪ್ಪಿನ ಪ್ರಾಣಿಗಳನ್ನೂ ಕಂಡು ವಿಸ್ಮಿತರಾದರು. ೧೯೭೯ರಲ್ಲಿ ಮೆಕ್ಸಿಕೋ ದೇಶದ ಆಚೆಗೆ ಇನ್ನೂ ಬಿಸಿಯಾದ ಬುಗ್ಗೆಗಳು ದೊರೆತವು. ಅಲ್ಲಿ ೩೫೦ ಡಿಗ್ರಿ ಉಷ್ಣತೆಯ ನೀರು, ಮೇಲಿನ ಸಮುದ್ರದ ಒತ್ತಡದಿಂದಾಗಿ ಕುದಿಯಲಾರದೆ, ಕಾರ್ಖಾನೆಯ ಚಿಮಣಿಯ ಹೊಗೆಯಂತೆ ಕರ್ರಗೆ ನುಗ್ಗಿಬರುವುದು. ಹೊಗೆಯಂತೆ ಕಾಣುವುದು ಲೋಹಗಳ ಪುಡಿ. ಅದರ ಬಹುಭಾಗ ನೀರಿನಲ್ಲಿ ತೇಲಿ ಹೋಗಿ ದೂರದೂರಕ್ಕೆ ಉದುರುತ್ತದೆ. ತೆರೆದ ಸಾಗರದಲ್ಲಿ ಹೀಗೆ ಚೆಲ್ಲಿಹೋಗುವ ಲೋಹವನ್ನು ಕೆಂಪು ಸಮುದ್ರದ ಹಳ್ಳವು ಬಟ್ಟಲಿನಂತೆ ಹಿಡಿದಿಟ್ಟುಕೊಂಡಿದೆ; ಅದರ ವಿಶೇಷ ಇಷ್ಟೇ.

ಹಾಗಾದರೆ ಬಾಬಾಬುಡನ್ ಬೆಟ್ಟದ ಕಲ್ಲೂ ಕೆಂಪು ಸಮುದ್ರದ ಕೆಸರೂ ಒಂದೇ ಏನು? ಹಾಗೆ ಹೇಳಿದರೆ ಅವಸರದ ಮಾತಾದೀತು. ನಮ್ಮ ಕಲ್ಲಿನ ಕಾಲದಲ್ಲಿ ಭೂಮಿಯ ಗಾಳಿಯಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಮೆಯಾಗಿತ್ತು. ಆದ್ದರಿಂದ ಬುಗ್ಗೆಗಳಿಂದ ಬಂದ ಕಬ್ಬಿಣವು ಒಡನೆಯೇ ತುಕ್ಕಾಗಿ ಕೂಡದೆ, ಸಮುದ್ರದಲ್ಲೆಲ್ಲ ಕರಗಿ ಹರಡಿಕೊಂಡಿದ್ದು, ಬಹು ವಿಶಾಲವಾದ ಹಾಸುಗಳಾಗಿ ನಿಧಾನವಾಗಿ ಕೂತಿತು. ಈಗಿನ ಸಮುದ್ರದಲ್ಲಿ ಅದು ಸಾಧ್ಯವಿಲ್ಲ. ಆದರೆ ಕಬ್ಬಿಣದ ಮೂಲ ಯಾವುದೆಂಬ ಪ್ರಶ್ನೆಗೆ ಎರಡೂ ಕಡೆ ಉತ್ತರ ಒಂದೇ: ಸಮುದ್ರದ ತಳದ ಬಿಸಿಬುಗ್ಗೆಗಳು. ಚಿತ್ರದುರ್ಗದ ಬಳಿಯ ಇಂಗಳದಾಳದ ತಾಮ್ರದ ಅದಿರು ಕೂಡ ಪ್ರಾಚೀನ ಸಮುದ್ರದ ಜ್ವಾಲಾಮುಖಿಗಳ ಬುಗ್ಗೆಗಳಿಂದಲೇ ಆಗಿರಬೇಕೆಂಬುದು ಭೂಗರ್ಭಶಾಸ್ತ್ರಜ್ಞರ ಅಭಿಪ್ರಾಯ. ಅಂದರೆ, ಇಂದು ಬಯಲುಸೀಮೆಯ ಬಿಸಿಲಿನಲ್ಲಿ ಒಣಗಿ ನಿಂತಿರುವ ಗುಡ್ಡಗಳನ್ನು ಓದುವುದಕ್ಕೆ ಬೇಕಾದ ಅಕ್ಷರಮಾಲೆ ಸಮುದ್ರದ ತಳದಲ್ಲಿ ಇದೆ. ಅದನ್ನು ಕಲಿತ ಮೇಲೆ ಯಾವ ಬಗೆಯ ಬೆಟ್ಟದಲ್ಲಿ ಯಾವ ಲೋಹವನ್ನು ಹುಡುಕಬೇಕೆಂಬುದು ಗಣಿಗಾರನಿಗೆ ಎಷ್ಟೋ ಸ್ಪಷ್ಟವಾಯಿತು. ನಿಜವಾದ ನಿಧಿ ಯಾವುದೆಂದು ನನ್ನನ್ನು ಕೇಳಿದರೆ, ಈ ತಿಳಿವಳಿಕೆಯನ್ನೇ ತೋರಿಸುವೆನು.

ಆದರೆ ಲೋಕ ಕೇಳುವ ಪ್ರಶ್ನೆ ಬೇರೆ. ಆ ಕೆಸರನ್ನು ಮೇಲಕ್ಕೆ ತಂದರೆ ಎಷ್ಟು ಲಾಭ? ಕೆಂಪು ಸಮುದ್ರದ ಇಬ್ಬದಿಯ ರಾಜ್ಯಗಳಾದ ಸೌದಿ ಅರೇಬಿಯಾ ಮತ್ತು ಸುಡಾನ್ ೧೯೭೪ರಲ್ಲಿ ಒಪ್ಪಂದ ಮಾಡಿಕೊಂಡು, ಆಳದ ಸಂಪತ್ತನ್ನು ಕೂಡಿ ಅನುಭವಿಸುವುದೆಂದು ತೀರ್ಮಾನಿಸಿದವು. ೧೯೭೯ರಲ್ಲಿ ಪ್ರಾಯುಸ್ಸಾಗ್ ಎಂಬ ಜರ್ಮನ್ ಸಂಸ್ಥೆಯವರು ಅವರಿಗಾಗಿ ಹಡಗಿನಿಂದ ಎರಡು ಸಾವಿರ ಮೀಟರಿಗೂ ಉದ್ದವಾದ ಕೊಳವೆಯನ್ನು ಇಳಿಬಿಟ್ಟು, ತುದಿಯಲ್ಲಿ ಕೆಸರನ್ನು ಕಲಕಿ ಹೀರುವ ಯಂತ್ರವನ್ನಿಟ್ಟು, ಸುಮಾರು ೧೫,೦೦೦ ಘನ ಮೀಟರು ಕೆಸರುನೀರನ್ನು ಮೇಲೆತ್ತಿದರು. ಕೆಲಸ ಸಾಧ್ಯವೆಂಬುದು ಸಿದ್ಧವಾಯಿತು. ಆದರೆ ಲೋಹಗಳ ಬೆಲೆ ಇಳಿಯಿತು, ವೆಚ್ಚಕ್ಕೆ ಲಾಭ ಸಾಲದಾಯಿತು, ಉದ್ಯಮ ನಿಂತಿತು. ೨೦೧೦ರಲ್ಲಿ ಮತ್ತೊಮ್ಮೆ ಪರವಾನಗಿ ಕೊಟ್ಟದ್ದುಂಟು. ಅದೂ ವ್ಯಾಜ್ಯಗಳಲ್ಲಿ ತೊಡಕಿಕೊಂಡಿತು.

ಈ ಲಾಭದ ಲೆಕ್ಕವನ್ನು ನಾವೇ ಒಮ್ಮೆ ಹಾಕಿ ನೋಡೋಣ. ಉಪ್ಪನ್ನೂ ನೀರನ್ನೂ ಕಳೆದರೆ ಹಳ್ಳದಲ್ಲಿ ಉಳಿಯುವ ಒಣ ಕೆಸರು ಸುಮಾರು ೯ ಕೋಟಿ ಟನ್ನು ಎಂದು ಅಂದಾಜು. ಅದರಲ್ಲಿ ನೂರಕ್ಕೆ ಎರಡು ಪಾಲು ಸತು, ಅರ್ಧ ಪಾಲಿನ ಸಮೀಪ ತಾಮ್ರ. ಎಂದರೆ ಸತು ೧೮ ಲಕ್ಷ ಟನ್ನು, ತಾಮ್ರ ೪ ಲಕ್ಷ ಟನ್ನು. ಬೆಳ್ಳಿ ೩,೫೦೦ ಟನ್ನಿಗೆ ಮೇಲ್ಪಟ್ಟು. ಕೇಳುವುದಕ್ಕೆ ಕುಬೇರನ ಭಂಡಾರವೇ ಸರಿ. ಆದರೆ ಪ್ರಪಂಚದ ಗಣಿಗಳು ಈಚಿನ ವರ್ಷಗಳಲ್ಲಿ ವರ್ಷವೊಂದಕ್ಕೆ ತೆಗೆಯುತ್ತಿರುವ ಸತು ಸುಮಾರು ೧೨೦ ಲಕ್ಷ ಟನ್ನು. ತಾಮ್ರ ಸುಮಾರು ೨೨೦ ಲಕ್ಷ ಟನ್ನು. ಭಾಗಿಸಿ ನೋಡಿರಿ. ಸಮುದ್ರದ ತಳದ ಲೋಹಭರಿತ ಕೆಸರುಗಳಲ್ಲೆಲ್ಲ ಅತ್ಯಂತ ಸಮೃದ್ಧವೆಂದು ಹೆಸರಾದ ಈ ಹಳ್ಳವನ್ನು ತಳ ಕಾಣುವವರೆಗೆ ಬಳಿದು ಬರಿದುಮಾಡಿದರೂ, ಲೋಕಕ್ಕೆ ಬರುವ ಸತು ಎರಡು ತಿಂಗಳಿಗೆ, ತಾಮ್ರ ಒಂದು ವಾರಕ್ಕೆ! ಮೂವತ್ತು ಸಾವಿರ ವರ್ಷಗಳೊಳಗೆ ಪ್ರಕೃತಿ ಹನಿಹನಿಯಾಗಿ ಕೂಡಿಸಿದ್ದು ನಮ್ಮ ಒಂದು ಬೇಸಿಗೆಯ ಖರ್ಚಿಗೂ ಸಾಲದು.

ಅದಕ್ಕಾಗಿ ತೆರಬೇಕಾದದ್ದೇನು? ಆ ಕೆಸರು ಹಲ್ಲುಜ್ಜುವ ಸರಿಯಷ್ಟು ನುಣುಪಾದದ್ದು. ನೂರು ಪಾಲು ಒಣ ಕೆಸರಿನಿಂದ ಎರಡು ಮೂರು ಪಾಲು ಲೋಹವನ್ನು ತೆಗೆದ ಮೇಲೆ, ಉಳಿದ ತೊಂಬತ್ತೇಳೂ ಅದರೊಡನೆ ಬಂದ ಕಟು ಉಪ್ಪುನೀರೂ ಮತ್ತೆ ಸಮುದ್ರಕ್ಕೇ ಹೋಗಬೇಕು. ಕೆಂಪು ಸಮುದ್ರದ ಅಂಚಿನುದ್ದಕ್ಕೂ ಹವಳದ ದಿಬ್ಬಗಳಿವೆ. ತಿಳಿನೀರಿಲ್ಲದೆ ಹವಳ ಬದುಕದು. ಆದ್ದರಿಂದ ಈ ಕಸವನ್ನು ಸಾವಿರ ಮೀಟರಿಗಿಂತಲೂ ಕೆಳಗೆ ಕೊಳವೆಯಿಂದ ಬಿಡಬೇಕೆಂದು ೧೯೭೯ರ ಪರೀಕ್ಷೆಯ ಕಾಲದಲ್ಲಿಯೇ ಪರಿಸರವನ್ನು ಪರಿಶೀಲಿಸಿದವರು ಸಲಹೆ ಮಾಡಿದ್ದರು. ಆ ಎಚ್ಚರಿಕೆ ಮೆಚ್ಚತಕ್ಕದ್ದು. ಆದರೆ ಎರಡು ತಿಂಗಳ ಸತುವಿಗಾಗಿ ಅಷ್ಟು ಕಸವನ್ನು ಹೊರತಕ್ಕದ್ದೇ ಎಂಬ ಪ್ರಶ್ನೆ ಅದರಿಂದ ತೀರುವುದಿಲ್ಲ.

ಈಗ ಈ ಪ್ರಶ್ನೆ ನಮ್ಮ ಮನೆಯ ಬಾಗಿಲಿಗೇ ಬಂದಿದೆ ಎಂಬುದನ್ನು ತಮ್ಮ ಗಮನಕ್ಕೆ ತರಬೇಕು. ಗೋವೆಯಲ್ಲಿರುವ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯವರು ೧೯೮೧ರ ಜನವರಿ ೨೬ರಂದು ‘ಗವೇಷಣಿ’ ಎಂಬ ಹಡಗಿನಿಂದ ಹಿಂದೂ ಮಹಾಸಾಗರದ ಆಳದ ಕಪ್ಪು ಉಂಡೆಗಳನ್ನು ಮೇಲೆತ್ತಿದರು. ೧೯೮೭ರಲ್ಲಿ ಭಾರತಕ್ಕೆ ಆ ಕ್ಷೇತ್ರದಲ್ಲಿ ಮೊದಲ ಹೂಡಿಕೆದಾರನೆಂಬ ಮನ್ನಣೆ ದೊರೆಯಿತು. ೨೦೦೨ರಲ್ಲಿ ಅಂತರರಾಷ್ಟ್ರೀಯ ಸಮುದ್ರತಳ ಪ್ರಾಧಿಕಾರದೊಡನೆ ಕರಾರಾಯಿತು. ಕನ್ಯಾಕುಮಾರಿಯಿಂದ ದಕ್ಷಿಣಕ್ಕೆ ಎರಡು ಸಾವಿರ ಕಿಲೋಮೀಟರಿಗೂ ದೂರದಲ್ಲಿ, ಐದು ಸಾವಿರ ಮೀಟರಿನಷ್ಟು ಆಳದಲ್ಲಿ, ೭೫,೦೦೦ ಚದರ ಕಿಲೋಮೀಟರು ತಳವನ್ನು ಶೋಧಿಸುವ ಹಕ್ಕು ಹೀಗೆ ನಮಗೆ ಬಂದಿದೆ. ಅದು ನಮ್ಮ ಕರ್ನಾಟಕದ ಮೂರನೆಯ ಒಂದು ಪಾಲಿಗಿಂತಲೂ ವಿಸ್ತಾರವಾದದ್ದು. ಅಲ್ಲಿರುವ ಉಂಡೆಗಳ ತೂಕ ೩೮ ಕೋಟಿ ಟನ್ನು ಎಂದು ಸರ್ಕಾರದ ಅಂದಾಜು. ಬುಗ್ಗೆಗಳಿಂದ ಹುಟ್ಟುವ ಗಂಧಕಯುಕ್ತ ಅದಿರನ್ನು ಶೋಧಿಸುವುದಕ್ಕೆ ೨೦೧೬ರಲ್ಲಿ ಇನ್ನೊಂದು ಕರಾರೂ ಆಯಿತು.

ಈ ಉಂಡೆಗಳ ವಿಚಾರದಲ್ಲಿ, ಕೆಂಪು ಸಮುದ್ರದ ಕೆಸರಿನ ಲೆಕ್ಕವನ್ನೇ ಕುರುಡಾಗಿ ಅನ್ವಯಿಸುವುದು ನ್ಯಾಯವಲ್ಲ. ಇಲ್ಲಿ ಮೊತ್ತ ದೊಡ್ಡದು. ನಿಕ್ಕಲ್ ಮತ್ತು ಕೋಬಾಲ್ಟ್ ಲೋಹಗಳಿಗೆ ನಮ್ಮ ದೇಶ ಪರರ ಕೈ ಕಾಯಬೇಕಾಗಿರುವುದೂ ನಿಜ. ಆದರೆ ಅವು ಬೆಳೆಯುವ ವೇಗವನ್ನು ಮರೆಯಬಾರದು: ಹತ್ತು ಲಕ್ಷ ವರ್ಷಕ್ಕೆ ಕೆಲವು ಮಿಲಿಮೀಟರು. ಅವುಗಳ ಮೇಲೆಯೇ ಅಂಟಿಕೊಂಡು ಬಾಳುವ ಪ್ರಾಣಿಗಳಿವೆ. ಉಂಡೆಯನ್ನು ಎತ್ತಿದರೆ, ಮನುಷ್ಯನ ಲೆಕ್ಕದಲ್ಲಿ, ಅವುಗಳ ಮನೆಯನ್ನು ಎಂದೆಂದಿಗೂ ಕಿತ್ತಂತೆ.

ಇದು ಬರಿಯ ಊಹೆಯಲ್ಲ. ಪೆರು ದೇಶದ ಆಚೆಗೆ, ಪೆಸಿಫಿಕ್ ಸಾಗರದ ನಾಲ್ಕು ಸಾವಿರ ಮೀಟರು ಆಳದಲ್ಲಿ, ಜರ್ಮನಿಯ ವಿಜ್ಞಾನಿಗಳು ೧೯೮೯ರಲ್ಲಿ ಬೇಕೆಂದೇ ಒಂದು ಪರೀಕ್ಷೆ ಮಾಡಿದರು. ನೇಗಿಲಿನಂಥ ಒಂದು ಸಾಧನವನ್ನು ಹಡಗಿನಿಂದ ಎಳೆದು ತಳವನ್ನು ಉತ್ತರು. ನಮ್ಮ ಹೊಲದಲ್ಲಿ ಉತ್ತ ಸಾಲು ಒಂದು ಮಳೆಗಾಲಕ್ಕೆ ಅಳಿಸಿಹೋಗುವುದು. ಇಪ್ಪತ್ತಾರು ವರ್ಷಗಳ ಮೇಲೆ, ೨೦೧೫ರಲ್ಲಿ, ಮತ್ತೆ ಹೋಗಿ ನೋಡಿದಾಗ ಆ ಸಾಲುಗಳು ನಿನ್ನೆ ಉತ್ತಂತೆ ಹಾಗೆಯೇ ಇದ್ದವು. ಉತ್ತಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳ ಚಟುವಟಿಕೆ ಇನ್ನೂ ಕುಗ್ಗಿಯೇ ಇತ್ತು. ಅಲ್ಲಿ ಮಳೆಯಿಲ್ಲ, ಗಾಳಿಯಿಲ್ಲ, ಬೆಳಕಿಲ್ಲ; ಗಾಯ ಮಾಯುವ ಅವಸರ ಯಾವುದಕ್ಕೂ ಇಲ್ಲ.

ಆಳದ ಸಮುದ್ರದ ತಳ ಯಾರ ಸ್ವತ್ತು? ೧೯೬೭ರ ನವೆಂಬರ್ ೧ರಂದು ಮಾಲ್ಟಾ ಎಂಬ ಪುಟ್ಟ ದ್ವೀಪರಾಷ್ಟ್ರದ ಪ್ರತಿನಿಧಿ ಆರ್ವಿಡ್ ಪಾರ್ಡೊ ಅವರು ವಿಶ್ವಸಂಸ್ಥೆಯಲ್ಲಿ ದೀರ್ಘವಾಗಿ ಮಾತನಾಡಿ, ರಾಷ್ಟ್ರಗಳ ಎಲ್ಲೆಯಾಚೆಗಿನ ಸಮುದ್ರತಳವನ್ನು ಇಡೀ ಮಾನವಕುಲದ ಸಮಾನ ಪಿತ್ರಾರ್ಜಿತವೆಂದು ಭಾವಿಸಬೇಕೆಂದು ವಾದಿಸಿದರು. ಆ ಮಾತು ೧೯೮೨ರ ಸಮುದ್ರ ಕಾನೂನಿನ ಒಡಂಬಡಿಕೆಯಲ್ಲಿ ಸೇರಿ, ೧೯೯೪ರಲ್ಲಿ ಜಾರಿಗೆ ಬಂದಿತು. ಅಲ್ಲಿ ಗಣಿ ತೋಡುವುದಕ್ಕೆ ಬೇಕಾದ ಪೂರ್ಣ ನಿಯಮಾವಳಿ ಮಾತ್ರ ೨೦೨೫ರ ಕೊನೆಯವರೆಗೂ ಸಿದ್ಧವಾಗಿರಲಿಲ್ಲ. ಪಿತ್ರಾರ್ಜಿತವೆಂಬ ಮಾತಿನ ಅರ್ಥ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಅದನ್ನು ಅನುಭವಿಸುವ ಹಕ್ಕಿನ ಜೊತೆಗೆ ಮುಂದಿನವರಿಗೆ ಒಪ್ಪಿಸುವ ಹೊಣೆಯೂ ಅಂಟಿಕೊಂಡಿರುತ್ತದೆ.

ಹಾಗಾದರೆ ಸಮುದ್ರವನ್ನು ಮುಟ್ಟಲೇಬಾರದೆ? ಅಂಥ ವ್ರತವನ್ನು ನಾನು ಬೋಧಿಸುತ್ತಿಲ್ಲ. ಲೋಹವಿಲ್ಲದೆ ನಮ್ಮ ಬಾಳುವೆ ನಡೆಯದು. ಈ ಮಾತು ತಮ್ಮನ್ನು ಮುಟ್ಟುತ್ತಿರುವುದೂ ತಾಮ್ರದ ತಂತಿಯ ಸಹಾಯದಿಂದಲೇ. ನಾನು ಹೇಳುವುದಿಷ್ಟು: ತೆಗೆಯುವುದಕ್ಕೆ ಮೊದಲು ಓದಬೇಕು, ಅಳೆಯಬೇಕು, ಭಾಗಿಸಿ ನೋಡಬೇಕು. ಎಷ್ಟು ಕೋಟಿ ಟನ್ನು ಎಂಬ ಅಂಕಿಯನ್ನು ಕೇಳಿದೊಡನೆ, ಅದು ಎಷ್ಟು ದಿನಕ್ಕೆ ಬಂದೀತು, ಎಷ್ಟು ವರ್ಷಗಳಲ್ಲಿ ಆದದ್ದು, ಎಂಬ ಎರಡು ಪ್ರಶ್ನೆಗಳನ್ನೂ ಕೇಳಬೇಕು. ನೆಲದ ಮೇಲೆ ನಾವು ಈ ಪ್ರಶ್ನೆಗಳನ್ನು ತಡವಾಗಿ ಕೇಳಿದೆವು. ಕುದುರೆಮುಖದ ಗಣಿ ಸರ್ವೋಚ್ಚ ನ್ಯಾಯಾಲಯದ ಅಪ್ಪಣೆಯಿಂದ ೨೦೦೫ರ ಕೊನೆಯಲ್ಲಿ ನಿಂತಿತು. ಬಳ್ಳಾರಿ ಜಿಲ್ಲೆಯ ಗಣಿಗಳನ್ನು ಅದೇ ನ್ಯಾಯಾಲಯ ೨೦೧೧ರ ಜುಲೈಯಲ್ಲಿ ತಡೆಯಬೇಕಾಯಿತು. ಅಲ್ಲಿ ಬೆಟ್ಟ ಕಣ್ಣೆದುರಿಗೆ ಇತ್ತು, ಕೆಂಪಾದ ಹಳ್ಳದ ನೀರು ಕಣ್ಣೆದುರಿಗೆ ಹರಿಯಿತು. ಆದರೂ ಅಷ್ಟು ತಡವಾಯಿತು. ಯಾರ ಕಣ್ಣಿಗೂ ಬೀಳದ ಐದು ಸಾವಿರ ಮೀಟರು ಆಳದಲ್ಲಿ ಯಾರು ನೋಡಿ ಹೇಳಬೇಕು? ಮೊದಲೇ ತಿಳಿದುಕೊಂಡಿರುವವರಲ್ಲದೆ ಬೇರೆ ಯಾರೂ ಹೇಳಲಾರರು. ಈ ವಿಷಯವನ್ನು ವಿದ್ಯಾವಂತರಾದ ತಮ್ಮ ಮುಂದೆ ಇಡಬೇಕೆಂದು ನನಗೆ 
ತೋರಿದ್ದು ಆ ಕಾರಣದಿಂದಲೇ.

ಕೆಂಪು ಸಮುದ್ರದ ಹಳ್ಳದಲ್ಲಿ ನೀರಿನ ಉಷ್ಣತೆ ೧೯೬೫ರಿಂದೀಚೆಗೆ ಏರುತ್ತ ಬಂದು ೬೮ ಡಿಗ್ರಿಯ ಸಮೀಪಕ್ಕೆ ಮುಟ್ಟಿದೆ. ಒಲೆ ಆರಿಲ್ಲ. ಅಲ್ಲಿ ಪಟ್ಟೆಯ ಮೇಲೆ ಪಟ್ಟೆ ಕೂಡುತ್ತಲೇ ಇದೆ. ನನ್ನ ವಿದ್ಯಾರ್ಥಿಗೆ ಮರುದಿನ ನಾನು ಇಷ್ಟನ್ನೂ ಹೇಳಿದೆನು. ಅವನು ಮೇಜಿನ ಮೇಲಿನ ಕಲ್ಲನ್ನು ಎತ್ತಿಕೊಂಡು, ಉಗುರಿನಿಂದ ಒಂದು ಪಟ್ಟೆಯ ದಪ್ಪವನ್ನು ಅಳೆದು, “ಇಷ್ಟಕ್ಕೆ ಎಷ್ಟು ವರ್ಷ ಹಿಡಿದಿರಬಹುದು?” ಎಂದು ಕೇಳಿದನು. ಮೊದಲ ದಿನದ ಪ್ರಶ್ನೆಗಿಂತಲೂ ಇದು ಒಳ್ಳೆಯ ಪ್ರಶ್ನೆ ಎಂದು ನನಗೆ ತೋರಿತು. ಅದೇ ಪ್ರಶ್ನೆಯನ್ನು ತಮಗೂ ಒಪ್ಪಿಸಿ, ನನ್ನ ಮಾತನ್ನು ಮುಗಿಸುವೆನು.